ಕೇಳಿಸಿಕೊಳ್ಳುವವರಿಗೊಬ್ಬ ಅಕ್ಕೋರು

ನಮ್ಮ ಅಕ್ಕೋರು ಬದುಕಿದ್ದಾರೆ, ಚೆನ್ನಾಗಿಯೇ ಇದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಂಥ ಬರಹ ಕಂಡಕೂಡಲೇ ಯಾರೋ ತೀರಿಕೊಂಡರು ಎಂದುಕೊಂಡು ಓದುವವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅಂಥದ್ದೇನೂ ಆಗಿಲ್ಲ. ಹೋದ ತಿಂಗಳು ಅವರು ಕೆಲಸ ಬಿಟ್ಟು ಅಥಣಿ ಕಡೆಯ ತಮ್ಮ ತೋಟದ ಮನೆಗೆ ಹೋದರು, ಅಷ್ಟೇ. ಬೀಳ್ಕೊಡುವ ದಿನ ನಾವು ಶಾಲು ಹೊದಿಸಲು ಹೋದರೆ, "ಇಂಥಾ ಬ್ಯಾಸಗ್ಯಾಗ ಶಾಲ ಹೊಚ್ಚತೀರಲ್ಲ, ನಿಮಗ ಏನ್ ಕಲಿಸೇನಿ ನಾ?" ಎಂದು ಗದರಿದರು. ನಾಲ್ಕು ಮಾತಾಡಿ ಎಂದು ಮೈಕು ಕೊಟ್ಟಾಗ, "ಇಷ್ಟ ವರ್ಷ ಮಂದಿ ಮಾತ ಕೇಳೀನಿ. ಇನ್ನ ಮ್ಯಾಲ ಎಮ್ಮಿ ಮಾತ ಕೇಳ್ತೀನಿ. ಅದು ಹಾಲರೆ ಕೊಡತೈತಿ," ಎಂದು ಹೇಳಿ ಕೂತುಬಿಟ್ಟರು.

ಅವರು ನಮಗೆ ಏನಾಗಿದ್ದರು ಎಂದು ಹೊರಗಿನವರಿಗೆ ಹೇಳುವುದು ಸ್ವಲ್ಪ ಕಷ್ಟ. ನಾನು ಆಪ್ತಸಮಾಲೋಚಕಿ. ನಿದ್ದೆ ಬಾರದವರು, ದುಃಖ ಇಳಿಯದವರು, ಮನೆಯಲ್ಲಿ ಹೇಳಲಾಗದ್ದನ್ನು ಎದೆಯಲ್ಲಿಟ್ಟುಕೊಂಡು ತಿರುಗುವವರು ನಮ್ಮ ಮುಂದೆ ಬಂದು ಕೂಡುತ್ತಾರೆ. ನಾವು ಕೇಳುತ್ತೇವೆ, ದಾರಿ ಹುಡುಕಲು ಜೊತೆಗಿರುತ್ತೇವೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳಿದ್ದನ್ನೆಲ್ಲ ಎಲ್ಲಿಡಬೇಕು? ಸರಿಯಾಗಿ ಕೇಳಿಸಿಕೊಂಡರೋ ಇಲ್ಲವೋ ಯಾರು ನೋಡಬೇಕು? ಅದಕ್ಕೊಬ್ಬ ಹಿರಿಯರು ಬೇಕು. ಅವರ ಮುಂದೆ ನಮ್ಮ ಕೇಸುಗಳನ್ನು ಹೇಳಿಕೊಳ್ಳಬೇಕು, ಅವರು ತಿದ್ದಬೇಕು. ಕಾಗದದ ಮೇಲೆ ಇದರ ಹೆಸರು ಸೂಪರ್‌ವಿಜನ್. ನಮ್ಮ ಪಾಲಿಗೆ ಅದು ಶನಿವಾರ.

ಚಿಕ್ಕೋಡಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ ನಮ್ಮ ಸಂಸ್ಥೆಯ ಎರಡು ಕೋಣೆಗಳು. ನಿಪ್ಪಾಣಿ, ರಾಯಬಾಗ, ಕಾಗವಾಡಗಳಲ್ಲಿ ಕೆಲಸ ಮಾಡುವ ನಾವು ನಾಲ್ಕೈದು ಎಳೆಯರು ಶನಿವಾರ ಮಧ್ಯಾಹ್ನ ಅಲ್ಲಿ ಸೇರುತ್ತಿದ್ದೆವು. ಅಕ್ಕೋರು ಅಥಣಿಯಿಂದ ಬಸ್ಸಿಗೆ ಬರುತ್ತಿದ್ದರು. ಮೇಡಂ ಎಂದರೆ ತಿರುಗಿ ನೋಡುತ್ತಿರಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಅವರು ಒಂದು ದಿನವೂ ಶಾಲೆಯಲ್ಲಿ ಕಲಿಸಿದವರಲ್ಲ, ಆದರೂ ಆ ಹೆಸರು ಅವರಿಗೆ ಹೇಳಿ ಮಾಡಿಸಿದ ಹಾಗೆ ಒಪ್ಪಿತು.

ನಿಪ್ಪಾಣಿಯ ಸಮೀರ ತನ್ನ ಮೊದಲ ಶನಿವಾರ ಲ್ಯಾಪ್‌ಟಾಪು ತೆರೆದು, ಒಂದು ಕೇಸನ್ನು ಬಣ್ಣಬಣ್ಣದ ಪುಟಗಳಲ್ಲಿ ತೋರಿಸಲು ಕೂತ. ಅಕ್ಕೋರು ಸ್ವಲ್ಪ ಹೊತ್ತು ನೋಡಿದರು.

"ತಮ್ಮಾ, ಈ ಮನಷ್ಯಾ ನಿನ್ನ ಕಡೆ ಹೆಂಗ ಬಂದ?"

"ಖಿನ್ನತೆ ಐತಿ ಅಂತ ಡಾಕ್ಟರ್ ಕಳಿಸಿದ್ರುರಿ."

"ಅದಲ್ಲೋ. ಬಸ್ಸಿಗಿ ಬಂದ್ನೋ, ಗಾಡಿ ಮ್ಯಾಲ ಬಂದ್ನೋ? ಕೂಡ ಯಾರ ಬಂದಿದ್ರು? ಉಂಡ ಬಂದಿದ್ನೇನು?"

ಸಮೀರನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

"ಹಂಗಾದ್ರ ಮಶೀನ ಮುಚ್ಚು. ಮುಂದಿನ ವಾರ ಆ ಮನಷ್ಯಾನ್ನ ಕರಕೊಂಡ ಬಾ."

ಸಮೀರ ಗಾಬರಿಯಾದ. ಬಂದವರ ಗುಟ್ಟು ಕಾಯುವುದು ನಮ್ಮ ಕಸುಬಿನ ಮೊದಲ ಪಾಠ. "ಅವರನ್ನ ಇಲ್ಲಿ ಕರಕೊಂಡ ಬರೂದ್ರಿ?" ಎಂದ. "ನಿನ್ನ ಮಾತಿನ್ಯಾಗ ಕರಕೊಂಡ ಬಾ ಅಂದೆ. ನೀ ಹೇಳೂ ಮುಂದ ಆಂವ ಇಲ್ಲಿ ಕುಂತ ಹಂಗ ನಮಗ ಕಾಣಬೇಕು," ಎಂದರು ಅಕ್ಕೋರು. ಅಂದಿನಿಂದ ನಾವೆಲ್ಲ ಯಾರು ಬಂದರೂ ಊಟ ಆಯಿತೇ ಎಂದು ಕೇಳಲು ಕಲಿತೆವು. ಹಾಗೆ ಕೇಳಿದ್ದರಿಂದಲೇ ಎಷ್ಟೋ ಜನ ಮಾತು ಶುರುಮಾಡಿದ್ದನ್ನು ನೋಡಿದ್ದೇನೆ.

ಶನಿವಾರದ ಸಭೆಗೆ ಒಂದು ಕಟ್ಟಳೆ ಇತ್ತು. ನಮ್ಮ ಕೇಸುಗಳಿಗೆ ಮುಂಚೆ ಅವರು ತಮ್ಮದೊಂದು ತಪ್ಪು ಹೇಳುತ್ತಿದ್ದರು. ಹಿರಿಯರು ಮೊದಲು ಮರ್ಯಾದೆ ಕಳಕೊಂಡರೆ ಕಿರಿಯರು ಸುಳ್ಳು ಹೇಳುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಯಡೂರಿನ ಒಬ್ಬ ಮುದುಕರ ಕಥೆ ನಮಗೆಲ್ಲ ಬಾಯಿಪಾಠವಾಗಿತ್ತು. ಹೆಂಡತಿ ತೀರಿಕೊಂಡ ಆ ಮುದುಕರು ಎಷ್ಟೋ ತಿಂಗಳು ಅಕ್ಕೋರ ಬಳಿ ಬಂದು, ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ಕೈಮುಗಿದು ಹೋಗುತ್ತಿದ್ದರಂತೆ. ಗುಣ ಮಾತ್ರ ಕಾಣಲಿಲ್ಲ. ಕೊನೆಗೊಂದು ದಿನ ಅವರ ಮಗಳು ಜೊತೆಗೆ ಬಂದು, "ಅಪ್ಪಗ ಆ ಕಡೆ ಕಿವಿ ಕೇಳಂಗಿಲ್ರಿ, ಈ ಕಡೆ ಬಂದ ಕುಂದರ್ರಿ," ಅಂದಳಂತೆ. "ಅಷ್ಟ ದಿನ ನಾ ಶಾಣ್ಯಾ ಮಾತೆಲ್ಲ ಆಡಿದ್ದು ಕೆಟ್ಟ ಕಿವಿಗಿ," ಎಂದು ಅಕ್ಕೋರು ನಗುತ್ತಿದ್ದರು. "ಮತ್ಯಾಕ ಬರತಿದ್ರಿ ಅಜ್ಜಾರ ಅಂತ ಕೇಳಿದ್ರ, ಇಲ್ಲಿ ಫ್ಯಾನ ಛಲೋ ಐತಿ, ನೀವೂ ಸಿಟ್ಟಿಲೆ ನೋಡಂಗಿಲ್ಲ ಅಂದ್ರು." ಈ ಕಥೆ ಕೇಳಿದ ಮೇಲೆ ನಮ್ಮ ತಪ್ಪು ಹೇಳಿಕೊಳ್ಳಲು ಯಾರಿಗೂ ನಾಚಿಕೆ ಉಳಿಯುತ್ತಿರಲಿಲ್ಲ.

ಗಡಿಯ ಜನರ ನಾಲಗೆಯನ್ನು ಅವರು ಬಲ್ಲರು. ನಮ್ಮಲ್ಲಿ ಒಬ್ಬರೇ ಮನುಷ್ಯರು ಅಂಗಡಿಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಮನೆಯಲ್ಲಿ ಇನ್ನೊಂದು ಆಡುತ್ತಾರೆ. ಒಬ್ಬ ಹೆಂಗಸು ತನ್ನ ಕಷ್ಟವನ್ನು ವರದಿ ಒಪ್ಪಿಸುವ ಹಾಗೆ ಚೊಕ್ಕ ಕನ್ನಡದಲ್ಲಿ ಹೇಳುತ್ತಾಳೆ, ಕಣ್ಣಲ್ಲಿ ಹನಿ ನೀರಿಲ್ಲ ಎಂದು ನಾನೊಮ್ಮೆ ದೂರಿದೆ. "ಆಕಿ ಅವ್ವ ಆಕೀನ್ನ ಯಾವ ಭಾಷಾದಾಗ ಬೈತಿದ್ಲು ಕೇಳು," ಎಂದರು. ಕೇಳಿದೆ. ಆಕೆ ಮರಾಠಿಗೆ ತಿರುಗಿದಳು. ತಿರುಗಿ ಎರಡು ಮಾತು ಆಡುವುದರೊಳಗೆ ಗಳಗಳ ಅತ್ತಳು.

ಇಷ್ಟೆಲ್ಲ ಹೇಳಿದೆನೆಂದು ದೇವರಂಥ ಹೆಂಗಸು ಎಂದುಕೊಳ್ಳಬೇಡಿ. ಬಹಳ ಸಿಡುಕು. ಬಸ್ಸು ತಡವಾಯಿತು ಎಂದರೆ ನಂಬುತ್ತಿರಲಿಲ್ಲ, ತಮ್ಮ ಬಸ್ಸು ತಡವಾದರೆ ಮಾತ್ರ ಇಡೀ ಸಾರಿಗೆ ಇಲಾಖೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ನಮ್ಮ ಹೆಸರು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, ಹುಡುಗಿಯರೆಲ್ಲ ಯವ್ವಾ, ಹುಡುಗರೆಲ್ಲ ತಮ್ಮಾ. ಹೊಗಳುವುದರಲ್ಲಿ ಕಡುಜಿಪುಣಿ. ಅವರ ಬಾಯಿಂದ ಬರುವ ಅತಿ ದೊಡ್ಡ ಪದವಿ, ಪರವಾಗಿಲ್ಲ ಎನ್ನುವ ಅರ್ಥದ "ಅಡ್ಡಿ ಇಲ್ಲ". ಸಮೀರನಿಗೆ ಅದು ಒಮ್ಮೆ ಸಿಕ್ಕಿದಾಗ ಆತ ಕೆಳಗೆ ಓಡಿಹೋಗಿ ನಮಗೆಲ್ಲ ಪೇಢೆ ತಂದ. ಇನ್ನು ನಾವು ಯಾರಾದರೂ ಅತ್ತರೆ ಸಮಾಧಾನ ಮಾಡುತ್ತಿರಲಿಲ್ಲ. ನೀರಿನ ಬಾಟಲಿ ಮುಂದೆ ಸರಿಸಿ ಕಿಟಕಿಯಾಚೆ ಬಸ್ಸು ನೋಡುತ್ತ ಕೂಡುತ್ತಿದ್ದರು. ಇದು ನನಗೆ ಬಹಳ ಸಿಟ್ಟು ತರಿಸುತ್ತಿತ್ತು. ಈ ಹೆಂಗಸಿಗೆ ಎದೆಯ ಜಾಗದಲ್ಲಿ ಕಲ್ಲಿದೆ ಎಂದು ಸಮೀರನ ಮುಂದೆ ಅಂದಿದ್ದೇನೆ.

ಜೈನರ ಮನೆತನ, ಹಾಗಾಗಿ ಹೊತ್ತು ಮುಳುಗುವುದರೊಳಗೆ ಊಟ. ಎಂಥ ಕೇಸಿನ ನಡುವೆಯೂ ಬಿಸಿಲು ಎದುರಿನ ಗೋಡೆ ಹತ್ತಿತೆಂದರೆ ಡಬ್ಬಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಒಂದೊಂದು ರೊಟ್ಟಿ ನಮಗೂ ಬೀಳುತ್ತಿತ್ತು. ಬೇಡ, ಈ ಕಥೆ ಕೇಳಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಯಾರಾದರೂ ಅಂದರೆ, "ನೀ ಉಪಾಸ ಕುಂತ್ರ ಅವರ ದುಃಖ ಕಮ್ಮಿ ಆಗತೈತೇನು? ತಿನ್ನು," ಎಂದು ಗದರುತ್ತಿದ್ದರು.

ಈಗ ಸುನಂದಾಳ ವಿಷಯ ಹೇಳಬೇಕು. ಹೆಸರು ಬದಲಿಸಿದ್ದೇನೆ, ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾನು ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಆಕೆ ಕಾಗವಾಡ ಕಡೆಯ ಸೊಸೆ, ಚೊಚ್ಚಲ ಬಾಣಂತನಕ್ಕೆ ಹಾರೂಗೇರಿ ಹತ್ತಿರದ ತವರಿಗೆ ಬಂದಿದ್ದಳು. ಕಬ್ಬಿನ ಹೊಲದ ನಡುವೆ ಮನೆ. ಮಗಳು ಕೂಸನ್ನು ಎತ್ತಿಕೊಳ್ಳುವುದಿಲ್ಲ, ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನವೂ ತಲೆ ಸುತ್ತುತ್ತದೆ ಎಂದು ಒಳಗೆ ಹೋಗಿ ಕೂತಳು ಎಂದು ತಾಯಿಗೆ ಚಿಂತೆ. ದೃಷ್ಟಿ ತೆಗೆದು, ತಾಯಿತ ಕಟ್ಟಿಸಿ, ಯಾವುದಕ್ಕೂ ಬಗ್ಗದಿದ್ದಾಗ ಒಂದು ಶನಿವಾರ ನಮ್ಮ ಕಡೆ ಕರೆತಂದಿದ್ದಳು. ತಾಯಿ ಕೂಸಿನೊಂದಿಗೆ ಹೊರಗಿನ ಬೆಂಚಿನ ಮೇಲೆ, ಸುನಂದಾ ಒಳಗೆ ನನ್ನ ಮುಂದೆ. ನೆಲ ನೋಡುತ್ತಲೇ ಬಾಯಿ ಬಿಟ್ಟಳು.

"ಮನಿ ಮುಂದನ ಬಾವಿ ಐತ್ರಿ. ಕೂಸನ್ನ ಎತ್ತಿಕೊಂಡ್ನೆಂದ್ರ ಆ ಬಾವಿನ ಕಣ್ಣಮುಂದ ಬರತೈತಿ. ನನ್ನ ಕೈಯಾರ ಒಗದ ಬಿಡ್ತೀನೇನೋ ಅನಸತೈತ್ರಿ."

ನಾನು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟೆ.

"ಯಾರ ಮುಂದೂ ಹೇಳಿಲ್ರಿ," ಎಂದಳು. "ಹೇಳಿದ್ರ ಕೂಸ ಕಸಗೊಂತಾರ."

ಇನ್ನೊಂದು ಜೀವಕ್ಕೆ ಅಪಾಯವಿದ್ದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ಸಂಬಂಧಪಟ್ಟವರಿಗೆ ತಿಳಿಸಬೇಕು. ಇದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಈಗ ಬಂದೆ ಎಂದು ಆಕೆಗೆ ಹೇಳಿ ಎದ್ದು ಹೊರಗೆ ಬಂದಾಗ, ಆ ತಾಯಿಯನ್ನು ಪಕ್ಕಕ್ಕೆ ಕರೆದು "ಕೂಸನ್ನು ಮಗಳಿಂದ ದೂರ ಇಡಿ" ಎನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಆಕೆಯೇ ತಲೆಯೆತ್ತಿ, "ಏನಂತಾಳ್ರೀ ನಮ್ಮ ಹುಡುಗಿ?" ಎಂದು ಕೇಳಿದಳು. ತೊಡೆಯ ಮೇಲೆ ಕೂಸು ಬಾಯಿಗೆ ಮುಷ್ಟಿ ಇಟ್ಟುಕೊಂಡು ಮಲಗಿತ್ತು. ನಾನು, "ಒಳಗ ಆಕಿ ಕೂಡ ಒಂದ್ ಗಳಿಗಿ ಕುಂದರ್ರಿ," ಎಂದು ಆಕೆಯನ್ನು ಒಳಗೆ ಕಳಿಸಿ, ಪಕ್ಕದ ಕೋಣೆಗೆ ಹೋದೆ. ಅಕ್ಕೋರು ಆಗಷ್ಟೇ ಡಬ್ಬಿ ಬಿಚ್ಚಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಡಬ್ಬಿ ಮುಚ್ಚಿದರು. ಹೊತ್ತು ಮುಳುಗಲು ಬಂದಿತ್ತು, ಅಂದರೆ ಇನ್ನು ಮರುದಿನದವರೆಗೆ ಊಟವಿಲ್ಲ. ಅದು ನನಗೆ ಆಗ ಹೊಳೆಯಲೂ ಇಲ್ಲ.

"ಆ ವಿಚಾರ ಬಂದ ಕೂಡ್ಲೆ ಆಕಿ ಏನ್ ಮಾಡ್ತಾಳ?"

"ಕೇಳಿಲ್ರಿ."

"ಹಂಗ ಮಾಡಬೇಕು ಅನಸತೈತೋ, ಹಂಗ ಆಗಿಬಿಟ್ಟೀತು ಅಂತ ಅಂಜಿಕಿ ಬರತೈತೋ?"

"ಕೇಳಿಲ್ರಿ."

"ಯಾರರೆ ಕಿವ್ಯಾಗ ಹೇಳಿದ್ಹಂಗ ಕೇಳಸತೈತೇನು? ಕೂಸಿನ ಮ್ಯಾಲ ಏನರೆ ಸಂಶಯ ಐತೇನು? ನಿದ್ದಿ ಹೆಂಗ?"

"ಬಾವಿ ಅಂದ ಕೂಡ್ಲೆ ನಾನ ಅಂಜಿಬಿಟ್ಟೆರಿ, ಅಕ್ಕೋರ."

ಬೈಗುಳ ಬರುತ್ತದೆ ಎಂದು ಕಾದೆ. "ಅಂಜೂ ಅಂಥಾ ಮಾತನ ಐತಿ. ನಡೀ, ಇಬ್ರೂ ಹೋಗೂಣು," ಎಂದರು.

ತಾಯಿಯನ್ನು ಮತ್ತೆ ಹೊರಗೆ ಕೂಡಿಸಿ, ಸುನಂದಾಳ ಒಪ್ಪಿಗೆ ಪಡೆದು ಅಕ್ಕೋರು ಆಕೆಯ ಪಕ್ಕದಲ್ಲಿ ಕೂತರು. ನನ್ನನ್ನು ಕೇಳಿದ್ದನ್ನೆಲ್ಲ ಆಕೆಯನ್ನು ಕೇಳಿದರು, ಸುತ್ತುಬಳಸಿ ಅಲ್ಲ, ನೇರವಾಗಿ. ಯಾವ ದನಿಯೂ ಕೇಳಿಸುತ್ತಿರಲಿಲ್ಲ. ಕೂಸಿನ ಮೇಲೆ ಜೀವವಿತ್ತು. ಹಾಲು ಕೊಡುವಾಗ ತಾಯಿಯನ್ನು ಬಗಲಿಗೇ ಕೂಡಿಸಿಕೊಳ್ಳುತ್ತಿದ್ದಳು, ಆಮೇಲೆ ಕೂಸಿನ ಹತ್ತಿರ ಸುಳಿಯುತ್ತಿರಲಿಲ್ಲ. "ಬಾವಿ ಕಡೆ ಕಿಟಕಿಗಿ ಮೊಳಿ ಹೊಡಸೀನ್ರಿ," ಎಂದಳು. "ಸೊಳ್ಳಿ ಬರತಾವ ಅಂತ ಸುಳ್ಳ ಹೇಳಿ."

ಅಕ್ಕೋರು ಆಕೆಯ ಕೈ ಹಿಡಿದುಕೊಂಡರು. "ಯವ್ವಾ, ಕೂಸಿಗಿ ಕೇಡ ಬಗಿಯಾಕಿ ಕಿಟಕಿಗಿ ಮೊಳಿ ಹೊಡಸತಾಳೇನು?"

ಸುನಂದಾ ಅವರ ಮುಖವನ್ನೇ ನೋಡಿದಳು.

"ಇದು ಬಾಣಂತ್ಯಾರಿಗೆ ಬರೂ ಒಂದ ಜಡ್ಡು. ಬ್ಯಾಡಾದ ವಿಚಾರ ತಾನ ಬಂದ ತಲ್ಯಾಗ ಕುಂದರತೈತಿ. ದಬ್ಬಿದಷ್ಟ ತಿರುಗಿ ಬರತೈತಿ. ಭಾಳ ಮಂದಿಗಿ ಬರತೈತಿ, ಯಾರೂ ಬಾಯಿ ಬಿಡಂಗಿಲ್ಲ. ಔಷಧ ಐತಿ, ಕಮ್ಮಿ ಆಗತೈತಿ. ಕೂಸು ನಿನ್ನ ಕಡೇನ ಇರತೈತಿ."

ಆಕೆ ಅತ್ತ ಅಳು ಕೆಳಗಿನ ಔಷಧಿ ಅಂಗಡಿಯವರೆಗೂ ಕೇಳಿಸಿರಬೇಕು. ಅಕ್ಕೋರು ಆಗಲೂ ಸಮಾಧಾನ ಮಾಡಲಿಲ್ಲ, ಕೈ ಮಾತ್ರ ಬಿಡಲಿಲ್ಲ. ಆಮೇಲೆ, "ನಿಮ್ಮವ್ವಗ ಹೇಳೂಣೇನು? ಆಕಿ ನಿನ್ನ ಕೂಡ ಇರಬೇಕಾಗತೈತಿ," ಎಂದು ಕೇಳಿದರು. ಸುನಂದಾ ಹ್ಞೂ ಅಂದಳು, ಆದರೆ ನೀವೇ ಹೇಳಿ ಎಂದಳು.

ತಾಯಿ ಕೂಸನ್ನು ಎತ್ತಿಕೊಂಡು ಒಳಗೆ ಬಂದು ಎಲ್ಲವನ್ನೂ ನಿಂತೇ ಕೇಳಿದಳು. ಈಗ ಕೂಸನ್ನು ಎದೆಗವಚಿಕೊಂಡು ಹೊರಟೇಹೋಗುತ್ತಾಳೆ ಎಂದುಕೊಂಡೆ. ಆಕೆ ಮೆಲ್ಲಗೆ ಕೆಳಗೆ ಕೂತಳು.

"ಇಕಿ ಹುಟ್ಟಿದಾಗ ನನಗ ಇಳಿಗಿ ಕಂಡ್ರ ಹಂಗ ಆಗತಿತ್ರಿ," ಎಂದಳು. ಇಳಿಗಿ ಅಂದರೆ ಕಾಯಿಪಲ್ಲೆ ಹೆಚ್ಚುವ ಈಳಿಗೆ. "ಅದನ್ನ ಕಬ್ಬಿನ್ಯಾಗ ಒಗದ ಬಂದಿದ್ನಿ. ಕಳದೈತಿ ಅಂತ ನಮ್ಮತ್ತಿಗಿ ಹೇಳಿ ಬೈಸ್ಕೊಂಡ್ನಿ. ಇವತ್ತಿನ ತನಾ ಯಾರ ಮುಂದೂ ಅಂದಿಲ್ರಿ."

"ನಿನಗೂ ಏನ ಬೇ ಯವ್ವಾ?" ಎಂದಳು ಸುನಂದಾ.

"ಹ್ಞೂ. ನೀ ಬದುಕೀದಿ ಅಲ್ಲ," ಎಂದಳು ತಾಯಿ.

ನಾನು ಕಿಟಕಿಯಾಚೆ ಬಸ್ಸು ನೋಡಬೇಕಾಯಿತು.

ಅಕ್ಕೋರು ಅಲ್ಲಿಯೇ ನಿಪ್ಪಾಣಿಯಲ್ಲಿ ಕೂಡುವ ಮನೋವೈದ್ಯರಿಗೆ ಫೋನು ಹಚ್ಚಿ, ಮರುದಿನ ಭಾನುವಾರವಾದರೂ ಬೆಳಿಗ್ಗೆಗೇ ಸಮಯ ಗೊತ್ತುಮಾಡಿದರು. ಅಲ್ಲಿಯವರೆಗೆ ಮಗಳು, ಕೂಸು ಇಬ್ಬರನ್ನೂ ಬಿಟ್ಟು ಕದಲಬಾರದೆಂದು ತಾಯಿಗೆ ಹೇಳಿದರು. ಕೂಸನ್ನು ಕಸಿದುಕೊಳ್ಳಲೂ ಬಾರದು, ತಾಯಿ ಮಗಳು ಕೂಡಿಯೇ ಸಾಕಬೇಕು. ಮಗಳ ನಿದ್ದೆ ಪೂರ್ತಿ ಕೆಟ್ಟರೆ, ಮಾತಿನ ಧಾಟಿ ಬದಲಾದರೆ, ಆ ಕ್ಷಣವೇ ತಮಗೆ ಫೋನು ಮಾಡಬೇಕು. ತಾಯಿ ಮಗಳು ಹೋದ ಮೇಲೆ ನನ್ನ ಧೈರ್ಯ ಪೂರ್ತಿ ಇಳಿದುಹೋಯಿತು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಕೇಳಿದೆ.

"ಏನರೆ ಆದ್ರ, ಅಕ್ಕೋರ?"

"ಅಕ್ಕೋರ ಹೇಳಿದ್ರು ಅನ್ನು."

"ಅದಲ್ರಿ, ಕೂಸು..."

"ನಾ ನೋಡೀನಿ, ನಾ ಹೇಳೀನಿ. ಇದು ನನ್ನ ತಲೀ ಮ್ಯಾಲ ಐತಿ, ನಿನ್ನ ತಲೀ ಮ್ಯಾಲ ಇಲ್ಲ. ಮನಿಗಿ ಹೋಗಿ ಉಂಡ ಮಲಕೋ."

ಹೀಗೆಂದು ಅಥಣಿ ಬಸ್ಸು ಹತ್ತಿ, ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದರು. ಒಂದು ಕೂಸಿನ ಜೀವದ ಪ್ರಶ್ನೆ ಇರುವಾಗ ಇವರಿಗೆ ಹೇಗೆ ನಿದ್ದೆ ಬರುತ್ತದೆ ಎಂದು ನನಗೆ ಸೋಜಿಗ. ನಾನೂ ಮನೆಗೆ ಹೋದೆ, ಅಮ್ಮ ಬಡಿಸಿದ್ದನ್ನು ಉಂಡೆ. ಆಶ್ಚರ್ಯವೆಂದರೆ ಮಲಗಿದೊಡನೆ ನಿದ್ದೆ ಬಂತು.

ಮನೋವೈದ್ಯರು ನೋಡಿ ಅಕ್ಕೋರ ಮಾತನ್ನೇ ಅಂದರು, ಹಾಲುಣಿಸುವ ತಾಯಿಗೆ ಹೊಂದುವ ಗುಳಿಗೆ ಕೊಟ್ಟರು. ಆ ವಾರ ದಿನಾ ಮಧ್ಯಾಹ್ನ ಸುನಂದಾಳ ಮನೆಗೆ ಫೋನು ಮಾಡುವ ಕೆಲಸ ನನ್ನದು. ಸಂಜೆ ಅಕ್ಕೋರಿಗೆ ವರದಿ ಕೊಟ್ಟರೆ, "ಆತು, ಮಲಕೋ," ಎಂದು ಫೋನು ಇಟ್ಟುಬಿಡುತ್ತಿದ್ದರು. ಮುಂದಿನ ವಾರಗಳಲ್ಲಿ ನಿಧಾನ ಸುಧಾರಣೆ ಕಂಡಿತು. ಮೊದಲು ತಾಯಿ ಬಗಲಲ್ಲಿರುವಾಗ ಕೂಸನ್ನು ಎತ್ತಿಕೊಂಡು ಕೂಡುವುದು, ಆಮೇಲೆ ಅಂಗಳದವರೆಗೆ ಬರುವುದು. ಬಾವಿ ನೆನಪಾದರೆ ಆಗಲಿ, ಕೂಸನ್ನು ಕೆಳಗಿಡಬಾರದು, ಅಂಜಿಕೆ ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಪ್ರತಿ ಹೆಜ್ಜೆಯನ್ನೂ ಅಕ್ಕೋರು ಶನಿವಾರ ನನಗೆ ಹೇಳಿಕೊಡುತ್ತಿದ್ದರು, ನಾನು ಸುನಂದಾಳಿಗೆ ಹೇಳಿಕೊಡುತ್ತಿದ್ದೆ. ಒಂದು ದಿನ ಫೋನಿನಲ್ಲಿ ತಾಯಿಯೇ, "ಕಿಟಕಿ ಮೊಳಿ ಕಿತ್ತಾಳ್ರಿ," ಎಂದಳು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಗಂಡನ ಮನೆಗೆ ಹೊರಡುವ ಮುಂಚೆ ಸುನಂದಾ ಹೇಳಿಹೋಗಲು ಬಂದಳು. ಕೂಸು ಆಕೆಯ ಸೊಂಟದ ಮೇಲೇ ಇತ್ತು. ತಲೆಗೂದಲು ಬಿಚ್ಚಿ ಮತ್ತೆ ಕಟ್ಟಿಕೊಳ್ಳಬೇಕೆಂದು ಅದನ್ನು ಅಕ್ಕೋರ ಕೈಗೆ ಕೊಟ್ಟಳು. ಅಕ್ಕೋರು ಮಕ್ಕಳನ್ನು ಆಡಿಸಿ ರೂಢಿಯಿದ್ದವರಲ್ಲ. ಕೂಸಿನ ಎರಡೂ ಬಗಲಿಗೆ ಕೈಕೊಟ್ಟು ಮುಂದೆ ಎತ್ತಿ ಹಿಡಿದು ನಿಂತರು. ಅದು ಕಾಲು ಜಾಡಿಸಿ ಚೀರತೊಡಗಿತು. ಸುನಂದಾ ಅರ್ಧ ಕಟ್ಟಿದ ಕೂದಲನ್ನು ಹಾಗೇ ಬಿಟ್ಟು ಬಂದಳು.

"ಕೊಡ್ರಿ ಇಲ್ಲಿ. ನಿಮಗ ಹಿಡಿಯಾಕ ಬರಂಗಿಲ್ಲ, ಬೀಳಸ್ತೀರಿ," ಎಂದು ಕಸಿದುಕೊಂಡು ಹೆಗಲಿಗೆ ಹಾಕಿಕೊಂಡಳು.

ತಾನು ಎಂಥ ಮಾತು ಅಂದೆ ಎಂಬುದು ಆಕೆಗೇ ಗೊತ್ತಾಗಲಿಲ್ಲ. ಕೂಸಿನ ಬೆನ್ನು ತಟ್ಟುತ್ತ, ಬಸ್ಸಿಗೆ ಹೊತ್ತಾಯಿತು, ಬರುತ್ತೇನೆ ಎಂದು ಮೆಟ್ಟಿಲು ಇಳಿದಳು. ಅಕ್ಕೋರು ಬಾಗಿಲು ಮುಂದೆ ಮಾಡಿ, ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ನಗುತ್ತಿದ್ದಾರೆ ಎಂದುಕೊಂಡೆ. ಅಳುತ್ತಿದ್ದರು. ನನಗೆ ಏನು ಮಾಡಬೇಕೆಂದು ತಿಳಿಯದೆ ನೀರಿನ ಬಾಟಲಿ ಸರಿಸಿದೆ.

"ಆ ವಾರ ಎಲ್ಲಾ ಕಣ್ಣಿಗಿ ಕಣ್ಣ ಹತ್ತಿಲ್ಲ ಯವ್ವಾ ನನಗ," ಎಂದರು. "ಕಣ್ಣ ಮುಚ್ಚಿದ್ರ ಬಾವಿನ ಕಾಣತಿತ್ತು. ನಾ ತಿಳಕೊಂಡಿದ್ದು ತಪ್ಪಿದ್ರ ಅಂತ."

"ಮತ್ತ ನನಗ ಮಲಕೋ ಅಂದ್ರಿ?"

"ನೀ ಮಲಗಿದ್ದೇನು?"

"ಮಲಗಿದ್ದೆರಿ. ಎಚ್ಚರನ ಆಗಿಲ್ಲ."

ಅಕ್ಕೋರು ಮುಖ ಒರೆಸಿಕೊಂಡು, ಅದುವರೆಗೆ ನನಗೆ ಒಮ್ಮೆಯೂ ಸಿಗದಿದ್ದ ಮಾತನ್ನು ತಮಗೆ ತಾವೇ ಹೇಳಿಕೊಂಡರು.

"ಹಂಗಾದ್ರ ಅಡ್ಡಿ ಇಲ್ಲ."